ಕಾಗದದವರು ಹಾರಿಸಿದ ಬಲೂನು

ಮನುಷ್ಯನನ್ನು ನೆಲ ಬಿಡಿಸಿ ಮೊದಲ ಸಲ ಆಕಾಶಕ್ಕೆ ಎತ್ತಿದವರು ಯಾರು ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ ಥಟ್ಟನೆ ರೈಟ್ ಸಹೋದರರ ಹೆಸರು ಹೇಳ್ತಾರೆ. ಆದರೆ ಅವರ ವಿಮಾನಕ್ಕಿಂತ 120 ವರ್ಷ ಮೊದಲೇ, 1783ರಲ್ಲಿ, ಇನ್ನಿಬ್ಬರು ಅಣ್ಣತಮ್ಮಂದಿರು ಆ ಕೆಲಸ ಮುಗಿಸಿದ್ದರು. ಅವರು ಅಕಾಡೆಮಿಯ ವಿಜ್ಞಾನಿಗಳಲ್ಲ, ಕಾಗದ ಮಾಡುವ ಮನೆತನದವರು. ಇನ್ನೂ ಮಜಾ ಅಂದರೆ, ತಮ್ಮ ಬಲೂನು ಯಾಕೆ ಹಾರ್ತದೆ ಅನ್ನೋದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಅವರು ನಂಬಿದ್ದ ಕಾರಣ ತಪ್ಪಾಗಿತ್ತು, ಬಲೂನು ಮಾತ್ರ ಸರಿಯಾಗಿ ಹಾರಿತು.

ಈ ಸಂಗತಿ ನನ್ನ ತಲೆ ಹೊಕ್ಕಿದ್ದು ನಾವು ಐದು ಜನ ಗೆಳೆಯರು ಅದೇ ನಮೂನೆಯ ಬಲೂನು ಮಾಡಲಿಕ್ಕೆ ಕೂತಾಗ. ಕಲಬುರಗಿಯ ಕೋಟನೂರಿನ ನಮ್ಮ ಮನೆ ಮಾಳಿಗೆಯೇ ಕಾರ್ಖಾನೆ. ನಾನು ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯುವವನು. ಒಬ್ಬ ಬ್ಯಾಂಕಿನವನು, ಇಬ್ಬರು ಕಾಲೇಜಿನಲ್ಲಿ ಪಾಠ ಹೇಳುವವರು, ಇನ್ನೊಬ್ಬ ಕಮಲಾಪುರದವನು, ಕೆಂಪು ಬಾಳೆಹಣ್ಣಿನ ಊರಿನ ಹೆಮ್ಮೆ ಬಿಟ್ಟುಕೊಡದವನು. ಯಾರಿಗೂ ಏರೋನಾಟಿಕ್ಸ್ ಗೊತ್ತಿಲ್ಲ. 'ಇದೆಲ್ಲಾ ಬೆಂಗಳೂರಾಗ ಆಗೋ ಕೆಲಸ ಬಿಡೋ' ಅಂತ ಮನೆಯಲ್ಲಿ ಹೇಳಿದರು. ಇತಿಹಾಸ ಓದಿದ ಮೇಲೆ ಗೊತ್ತಾಯಿತು, 1783ರಲ್ಲಿ ಪ್ಯಾರಿಸ್ಸಿನ ಜನರೂ ಹೆಚ್ಚುಕಡಿಮೆ ಇದನ್ನೇ ಅಂದುಕೊಂಡಿದ್ದರು. ಇಂಥಾ ಕೆಲಸ ಪ್ಯಾರಿಸ್ಸಿನಲ್ಲಿ ಆಗಬೇಕಿತ್ತು, ಆದದ್ದು ಅನೊನೆ ಅನ್ನೋ ಸಣ್ಣ ಊರಿನಲ್ಲಿ.

ಅನೊನೆ ದಕ್ಷಿಣ ಫ್ರಾನ್ಸಿನ ಬೆಟ್ಟಗುಡ್ಡದ ನಡುವಿನ ಊರು. ಅಲ್ಲೇ ಹತ್ತಿರ ಮಾಂಟ್‌ಗೋಲ್ಫಿಯರ್ ಮನೆತನದ ಕಾಗದದ ಗಿರಣಿ. ಮನೆ ತುಂಬ ಮಕ್ಕಳು, ಒಟ್ಟು ಹದಿನಾರು. ಅದರಲ್ಲಿ ಹನ್ನೆರಡನೆಯವನು ಜೋಸೆಫ್, ಹದಿನೈದನೆಯವನು ಎತಿಯೆನ್. ಜೋಸೆಫ್ ಕನಸುಗಾರ, ಲೆಕ್ಕಪತ್ರಕ್ಕೆ ಒಗ್ಗದವನು. ಎತಿಯೆನ್ ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪ ಕಲಿತು, ಮನೆಯವರು ಕರೆದಾಗ ಗಿರಣಿ ನೋಡಿಕೊಳ್ಳಲು ಊರಿಗೆ ವಾಪಸು ಬಂದವನು. ಕೆಲಸ ಬಿಟ್ಟು ಊರಿಗೆ ಬಂದವರ ಬಗ್ಗೆ ನಮ್ಮಲ್ಲಿ ಜನ ಏನೇನೋ ಅಂತಾರಲ್ಲ, ಅಂಥವರಿಗೆ ಈತನ ಹೆಸರು ಒಮ್ಮೆ ಹೇಳಿ ನೋಡಿ.

1782ರ ನವೆಂಬರಿನಲ್ಲಿ ಜೋಸೆಫ್ ಅವಿನ್ಯೋನ್ ಪಟ್ಟಣದಲ್ಲಿದ್ದ. ಒಲೆಯ ಮೇಲೆ ಹೊಗೆ ಏರ್ತದೆ, ಅದರ ಜೊತೆ ಕಾಗದದ ಚೂರುಗಳೂ ಏರ್ತವೆ. ಹಂಗಾದರೆ ಆ ಹೊಗೆಯನ್ನೇ ಒಂದು ಚೀಲದಲ್ಲಿ ಹಿಡಿದರೆ? ತೆಳ್ಳನೆ ಕಟ್ಟಿಗೆಯ ಚೌಕಟ್ಟಿಗೆ ರೇಷ್ಮೆಯಂಥ ಟಾಫೆಟಾ ಬಟ್ಟೆ ಸುತ್ತಿ, ಕೆಳಗೆ ಕಾಗದ ಸುಟ್ಟ. ಅದು ಹೋಗಿ ಕೋಣೆಯ ಛಾವಣಿಗೆ ತಾಗಿತು. ಕೂಡಲೇ ತಮ್ಮನಿಗೆ ಪತ್ರ ಬರೆದ: ಬಟ್ಟೆ, ಹಗ್ಗ ಒಟ್ಟು ಮಾಡಿಡು, ಜಗತ್ತಿನ ಒಂದು ಅದ್ಭುತ ನೋಡುವಿಯಂತೆ ಅನ್ನುವ ಅರ್ಥದ ಪತ್ರ. ಕಂಪನಿ ಇಲ್ಲ, ಬಂಡವಾಳ ಇಲ್ಲ, ಅಣ್ಣ ತಮ್ಮನಿಗೆ ಬರೆದ ಒಂದು ಪತ್ರದಿಂದ ಎಲ್ಲ ಶುರುವಾಯಿತು.

ಹೊಗೆಯಲ್ಲೇ ಏನೋ ವಿಶೇಷ ಗುಣ ಇದೆ, ಮೇಲಕ್ಕೆ ಒಯ್ಯುವ ಶಕ್ತಿ ಅದರದ್ದೇ ಅಂತ ಅವರು ನಂಬಿದ್ದರು. ಹಾಗಾಗಿ ಹೊಗೆ ದಟ್ಟವಾದಷ್ಟೂ ಒಳ್ಳೆಯದು! ಹುಲ್ಲಿನ ಜೊತೆ ಉಣ್ಣೆ ಸುಟ್ಟರು. ಮುಂದೆ ವರ್ಸೇಲ್ಸ್ ಅರಮನೆಯ ಅಂಗಳದಲ್ಲಿ ಹಳೇ ಬೂಟು, ಕೊಳೆತ ಮಾಂಸ ಕೂಡ ಉರಿಗೆ ಬಿದ್ದವು ಅಂತ ಇತಿಹಾಸಕಾರರು ಬರೀತಾರೆ. ರಾಜ ರಾಣಿ ಮೂಗು ಮುಚ್ಚಿಕೊಂಡಿದ್ದರೆ ಆಶ್ಚರ್ಯವಿಲ್ಲ. ಅಸಲಿಗೆ ಬಲೂನು ಎತ್ತಿದ್ದು ಹೊಗೆಯಲ್ಲ, ಬಿಸಿ. ಗಾಳಿ ಕಾದರೆ ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿ ಅದರ ತೂಕ ಕಡಿಮೆಯಾಗುತ್ತದೆ, ಹೊರಗಿನ ತಂಪು ಗಾಳಿ ಅದನ್ನು ಮೇಲಕ್ಕೆ ನೂಕುತ್ತದೆ. ನೀರಿನಲ್ಲಿ ಖಾಲಿ ಕೊಡ ಮುಳುಗಿಸಲು ಹೋದವರಿಗೆ ಈ ನೂಕು ಗೊತ್ತೇ ಇರ್ತದೆ.

ಹಾಗಾದರೆ ತಪ್ಪು ತಿಳುವಳಿಕೆ ಇಟ್ಟುಕೊಂಡೂ ಅವರು ಗೆದ್ದದ್ದು ಹೇಗೆ? ಉತ್ತರ ಅವರ ಕೈಯಲ್ಲಿತ್ತು. ಅವರಿಗೆ ಕಾಗದ ಗೊತ್ತಿತ್ತು. ಯಾವ ಕಾಗದ ಎಷ್ಟು ತೂಗ್ತದೆ, ಯಾವುದು ಗಾಳಿ ಬಿಡ್ತದೆ, ಯಾವುದು ಬಿಡಲ್ಲ, ಎಲ್ಲಿ ಹರೀತದೆ, ಯಾವ ಅಂಟು ಕೂರ್ತದೆ, ಇದೆಲ್ಲ ಅವರ ಮನೆಯ ಊಟದಷ್ಟು ಪರಿಚಿತ. 1783ರ ಜೂನ್ 4ರಂದು ಅನೊನೆಯ ಚೌಕದಲ್ಲಿ, ಆ ಪ್ರಾಂತದ ಪ್ರತಿನಿಧಿಗಳ ಎದುರಿಗೆ ಅವರು ಹಾರಿಸಿದ ಬಲೂನು ಸುಮಾರು 11 ಮೀಟರ್ ಅಡ್ಡಗಲದ್ದು. ಹೊರಗೆ ಒರಟು ಚೀಲದ ಬಟ್ಟೆ, ಒಳಗೆ ತೆಳು ಕಾಗದದ ಮೂರು ಪದರ. ನಾಲ್ಕು ಭಾಗಗಳನ್ನು ಜೋಡಿಸಿದ್ದು ಸುಮಾರು 1,800 ಗುಂಡಿಗಳಿಂದ. ಹೌದು, ಅಂಗಿಗೆ ಹಚ್ಚುವಂಥ ಗುಂಡಿ! ಒಟ್ಟು ತೂಕ ಸುಮಾರು 225 ಕಿಲೋ. ಹತ್ತು ನಿಮಿಷ ಹಾರಿ, ಸುಮಾರು 2 ಕಿಲೋಮೀಟರ್ ದೂರದಲ್ಲಿ ಇಳಿಯಿತು.

ಈ ಗುಂಡಿಗಳ ಗುಟ್ಟು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಓಣಿಯ ದರ್ಜಿ ಕಾಕಾನಿಂದ. ಚಪ್ಪಟೆ ಹಾಳೆಯಿಂದ ದುಂಡನೆ ಚೆಂಡು ಮಾಡೋದು ಹೆಂಗ ಅಂತ ಕೇಳಲಿಕ್ಕೆ ಹೋಗಿದ್ವಿ. ಕಾಕಾ ಮಾತಾಡದೇ ಒಂದು ಟೊಪ್ಪಿಗೆ ತೆಗೆದು ತಿರುಗಿಸಿ ತೋರಿಸಿದರು. ಆರು ಎಲೆ ಆಕಾರದ ತುಂಡು, ತುದಿಯಲ್ಲಿ ಎಲ್ಲ ಕೂಡ್ತವೆ.

'ಕಿತ್ತಳಿ ಹಣ್ಣಿನ ತೊಳಿ ಇದ್ದಂಗ ಕತ್ತರಿಸ್ರಿ. ಎಷ್ಟ್ ಹೆಚ್ಚು ತೊಳಿ ಮಾಡ್ತೀರಿ ಅಷ್ಟು ದುಂಡಗ ಬರ್ತದ.'

'ಹೊಲಿದು ಕೊಡ್ತೀರೇನು ಕಾಕಾ?'

'ಕಾಗದಕ್ಕ ಸೂಜಿ ಹಾಕಬ್ಯಾಡ್ರಿ. ತೂತು ಬಿದ್ದಲ್ಲೇ ಹರೀತದ. ಹೊಲಿಗಿ ಬೇಕಂದ್ರ ಕೆಳಗ ಬಟ್ಟಿ ಇರಬೇಕು.'

ಅನೊನೆಯವರು ಮಾಡಿದ್ದೂ ಇದನ್ನೇ. ಭಾರ ಹೊರುವ ಕೆಲಸ ಬಟ್ಟೆಗೆ, ಗಾಳಿ ತಡೆಯುವ ಕೆಲಸ ಕಾಗದಕ್ಕೆ, ಕೂಡಿಸುವ ಕೆಲಸ ಗುಂಡಿಗೆ. ಯಾವ ವಸ್ತುವಿಗೆ ಯಾವ ಕೆಲಸ ಹೇಳಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಅಂದು ಆ 1,800 ಗುಂಡಿ ಹಚ್ಚಿದ ಕೈಗಳು, ಮೂರು ಪದರ ಕಾಗದ ಅಂಟಿಸಿದ ಕೈಗಳು ಯಾರವು ಅಂತ ಮಾತ್ರ ಪಠ್ಯಪುಸ್ತಕದಲ್ಲಿ ಬರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 1781ರಲ್ಲಿ, ಅದೇ ಗಿರಣಿಯಲ್ಲಿ ಕೆಲಸಗಾರರಿಗೂ ಮಾಲೀಕರಿಗೂ ದೊಡ್ಡ ಜಗಳವಾಗಿ, ಮಾಲೀಕರು ಹಳೇ ಕೆಲಸಗಾರರನ್ನು ಹೊರಗೆ ಹಾಕಿದ್ದರು. ಬಲೂನಿನ ಚಿತ್ರದಲ್ಲಿ ಈ ಜಗಳ ಕಾಣಿಸಲ್ಲ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಎರಡೇ ಪ್ಯಾರಾ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಬೆಳಗಿನ 15 ಡಿಗ್ರಿ ಚಳಿಯಲ್ಲಿ ಇಲ್ಲಿನ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋ ತೂಗುತ್ತದೆ. ಅದನ್ನೇ 60 ಡಿಗ್ರಿಗೆ ಕಾಸಿದರೆ ಒಂದು ಕಿಲೋ ಆಗುತ್ತದೆ. ವ್ಯತ್ಯಾಸ 160 ಗ್ರಾಂ ಅಂತ ಇಟ್ಟುಕೊಳ್ಳಿ. ಒಂದು ಮೀಟರ್ ಅಡ್ಡಗಲದ ಬಲೂನಿನಲ್ಲಿ ಅರ್ಧ ಘನ ಮೀಟರ್ ಗಾಳಿ ಹಿಡಿಯುತ್ತದೆ, ಅಂದರೆ ಅದು ಎತ್ತುವುದು ಬರೀ 80 ಗ್ರಾಂ. ಅದನ್ನು ಸುತ್ತಲು ಮೂರು ಚದರ ಮೀಟರ್ ಚಿಲ್ಲರೆ ಹಾಳೆ ಬೇಕು. ಚದರ ಮೀಟರಿಗೆ 45 ಗ್ರಾಂ ತೂಗುವ ದಿನಪತ್ರಿಕೆಯ ಕಾಗದವಾದರೆ ಹಾಳೆಯೇ 140 ಗ್ರಾಂ. ಹಾರಲ್ಲ. ಹಾರಲ್ಲ ಅಂತ ಗೊತ್ತಿದ್ದೇ ಒಂದು ಮಾಡಿ ನೋಡಿದ್ವಿ. ಲೆಕ್ಕ ಹೇಳಿದಂತೆ ಅದು ಉಬ್ಬಿ, ದುಂಡಗಾಗಿ, ಫರಸಿಯ ಮೇಲೆ ಗಂಭೀರವಾಗಿ ಕೂತಿತು.

ಅಡ್ಡಗಲ ಎರಡು ಪಟ್ಟು ಮಾಡಿದರೆ ಕಾಗದ ನಾಲ್ಕು ಪಟ್ಟು ಬೇಕು, ಆದರೆ ಎತ್ತುವ ಶಕ್ತಿ ಎಂಟು ಪಟ್ಟು! ಬಲೂನಿನ ಇಡೀ ಇತಿಹಾಸ ಈ ಒಂದು ಸಾಲಿನಲ್ಲಿದೆ. ಮಾಂಟ್‌ಗೋಲ್ಫಿಯರ್ ಅಣ್ಣತಮ್ಮಂದಿರು ಪ್ರತಿ ಸಲ ಮೊದಲಿನದ್ದಕ್ಕಿಂತ ದೊಡ್ಡದು ಮಾಡುತ್ತ ಹೋದದ್ದು ಹಟಕ್ಕಲ್ಲ, ದೊಡ್ಡದಾದಷ್ಟೂ ಹಾರೋದು ಸುಲಭ ಅನ್ನೋದನ್ನ ಕೈ ಕಂಡುಕೊಂಡಿತ್ತು. ನಮ್ಮ ಎರಡು ಮೀಟರಿನ ಬಲೂನು ಅದೇ ಚಳಿಯಲ್ಲಿ ಸುಮಾರು 650 ಗ್ರಾಂ ಎತ್ತಬಲ್ಲದು. ಪತಂಗದ ತೆಳು ಕಾಗದದಲ್ಲಿ ಮಾಡಿದರೆ ಅದರ ಮೈ ಸುಮಾರು 250 ಗ್ರಾಂ. ಬೇಕಾದಷ್ಟು ಮಿಕ್ಕಿತು. ಆದರೆ ಅದೇ ಬಲೂನನ್ನು ಮೇ ತಿಂಗಳ ಮಧ್ಯಾಹ್ನ, ನಮ್ಮ ಹೆಸರುವಾಸಿ 42 ಡಿಗ್ರಿ ಬಿಸಿಲಿಗೆ ಒಯ್ದು, ಒಳಗೆ ಅದೇ 60 ಡಿಗ್ರಿ ಇಟ್ಟರೆ ಎತ್ತುವುದು ಬರೀ 240 ಗ್ರಾಂ. ತನ್ನ ಕಾಗದವನ್ನೇ ಅದು ಎತ್ತಲಾರದು. ಹೊರಗಿನ ಗಾಳಿಯೂ ಕಾದಿರುವಾಗ ಒಳಗಿನ ಬಿಸಿಗೆ ಕಿಮ್ಮತ್ತೇನು? ಜಗತ್ತಿನಾದ್ಯಂತ ಬಿಸಿಗಾಳಿ ಬಲೂನಿನವರು ನಸುಕಿಗೇ ಎದ್ದು ಹೊರಡೋದಕ್ಕೆ ಇದೂ ಒಂದು ಕಾರಣ.

ಅನೊನೆಯ ಸುದ್ದಿ ಪ್ಯಾರಿಸ್ಸಿಗೆ ಮುಟ್ಟಿದ ಮೇಲೆ ಎಲ್ಲವೂ ಜೋರಾಗಿ ನಡೆಯಿತು. ಎತಿಯೆನ್ ಪ್ಯಾರಿಸ್ಸಿಗೆ ಹೋದ. ಅಲ್ಲಿ ಅವನಿಗೆ ಜೊತೆಯಾದವನು ರೆವೆಯೋಂ, ಗೋಡೆಗೆ ಹಚ್ಚುವ ಬಣ್ಣದ ಕಾಗದದ ವ್ಯಾಪಾರಿ. ನೋಡಿ, ಮತ್ತೆ ಕಾಗದದವನೇ! ಸೆಪ್ಟೆಂಬರ್ 19ರಂದು ವರ್ಸೇಲ್ಸ್‌ನಲ್ಲಿ ರಾಜ 16ನೇ ಲೂಯಿಯ ಎದುರಿಗೆ ಒಂದು ಕುರಿ, ಒಂದು ಬಾತು, ಒಂದು ಹುಂಜ ಬಲೂನಿನಲ್ಲಿ ಹೋಗಿ ಎಂಟು ನಿಮಿಷದ ಮೇಲೆ ಜೀವಂತ ಇಳಿದವು. ನವೆಂಬರ್ 21ರಂದು ಪಿಲಾತ್ರ್ ದ ರೋಜಿಯೆ ಮತ್ತು ಮಾರ್ಕ್ವಿಸ್ ದಾರ್ಲಾಂದ್ ಅನ್ನುವ ಇಬ್ಬರು ಸುಮಾರು 25 ನಿಮಿಷ ಪ್ಯಾರಿಸ್ಸಿನ ಮೇಲೆ ತೇಲಿದರು. ಕಾಗದ ಮತ್ತು ಬಟ್ಟೆಯ ಚೀಲ, ಅದರ ಬಾಯಿಗೇ ಹುಲ್ಲಿನ ಬೆಂಕಿ. ಕಿಡಿ ಹಾರಿ ಬಟ್ಟೆಗೆ ತೂತು ಬೀಳುತ್ತಿತ್ತು, ಅವರು ಒದ್ದೆ ಸ್ಪಂಜಿನಿಂದ ಆರಿಸುತ್ತಿದ್ದರು. ಮನುಷ್ಯ ಮೊದಲ ಸಲ ಸ್ವತಂತ್ರವಾಗಿ ಹಾರಿದ್ದು ಹೀಗೆ, ಒಂದು ಕೈಯಲ್ಲಿ ಹುಲ್ಲು, ಇನ್ನೊಂದು ಕೈಯಲ್ಲಿ ಸ್ಪಂಜು ಹಿಡಿದುಕೊಂಡು.

ಸರಿಯಾದ ಕಾರಣ ಆಮೇಲೆ ಬಂತು. ಜಿನೀವಾದ ವಿಜ್ಞಾನಿ ಸೊಸ್ಯೂರ್ ಕೆಂಪಗೆ ಕಾಸಿದ ಕಬ್ಬಿಣವನ್ನು ಕಾಗದದ ಬಲೂನಿನ ಬಾಯೊಳಗೆ ಹಿಡಿದ. ಹೊಗೆ ಇಲ್ಲ, ಬೂಟಿಲ್ಲ, ಮಾಂಸ ಇಲ್ಲ, ಆದರೂ ಬಲೂನು ಎದ್ದಿತು. ಇನ್ನು ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಚಾರ್ಲ್ಸ್ ನಿಯಮ ನೆನಪಿದೆಯಾ? ಬಿಸಿಯಾದಷ್ಟೂ ಅನಿಲ ಹಿಗ್ಗುವ ಲೆಕ್ಕ. ಆ ಜಾಕ್ ಚಾರ್ಲ್ಸ್ ಕೂಡ ಬಲೂನಿನವನೇ! ಅದೇ 1783ರಲ್ಲಿ ಜಲಜನಕ ತುಂಬಿದ ಬಲೂನು ಮಾಡಿ, ಡಿಸೆಂಬರ್ 1ರಂದು ತಾನೇ ಕೂತು ಹಾರಿದ. ಅನಿಲಗಳ ಮೇಲಿನ ಅವನ ಪ್ರಯೋಗಗಳು 1787ರ ಸುಮಾರಿನವು, ಅವು ಅಚ್ಚಾಗಿ ಎಲ್ಲರಿಗೂ ತಿಳಿದದ್ದು 1802ರಲ್ಲಿ ಗೇ-ಲುಸಾಕ್ ಬರೆದ ಮೇಲೆ. ಅಂದರೆ ಮೊದಲು ಬಲೂನು, ಆಮೇಲೆ ನಿಯಮ. ನಮಗೆ ಪಾಠ ಹೇಳಿದ್ದು ಉಲ್ಟಾ: ಮೊದಲು ನಿಯಮ, ಆಮೇಲೆ ಪರೀಕ್ಷೆ, ಬಲೂನು ಬರಲೇ ಇಲ್ಲ.

ಹಾಗಂತ ಸಿದ್ಧಾಂತ ಬೇಡ ಅಂತ ನಾನು ಹೇಳ್ತಿಲ್ಲ. ಮಾಡಿ ನೋಡದ ಮಾತಿಗೆ ಏನಾಗ್ತದೆ ಅನ್ನೋದಕ್ಕೆ ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಹತ್ತಿರದ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ 'ವೈಮಾನಿಕ ಶಾಸ್ತ್ರ' ಅನ್ನುವ ಸಂಸ್ಕೃತ ಗ್ರಂಥ ಹೇಳಿ ಬರೆಸಿದರು. ಅದು ಭರದ್ವಾಜ ಮುನಿಯದು ಅನ್ನುವುದು ಅವರ ಮಾತು. ಅದಕ್ಕೆ ವಿಮಾನಗಳ ನಕ್ಷೆಗಳೂ ಸಿದ್ಧವಾದವು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಾತಿಗಳು ಆ ನಕ್ಷೆ, ಆ ಭಾಷೆ ಎಲ್ಲವನ್ನೂ ತಾಳ್ಮೆಯಿಂದ ಪರೀಕ್ಷಿಸಿ, ಗ್ರಂಥ 20ನೇ ಶತಮಾನದ್ದು, ಈ ವಿಮಾನಗಳು ಹಾರಲಾರವು ಅಂತ ಬರೆದರು. ಶಾಸ್ತ್ರಿಗಳ ಗ್ರಂಥದಲ್ಲಿ ಎಲ್ಲದಕ್ಕೂ ಉತ್ತರ ಇತ್ತು, ಗಾಳಿಗೆ ಮಾತ್ರ ಇರಲಿಲ್ಲ. ಅನೊನೆಯವರಲ್ಲಿ ಉತ್ತರವೇ ತಪ್ಪಿತ್ತು, ಆದರೆ ಅವರು ಪ್ರತಿ ಸಲ ಗಾಳಿಯನ್ನೇ ಕೇಳಿದರು. ಗಾಳಿಗೆ ಯಾರ ಮುಲಾಜೂ ಇಲ್ಲ.

ಮಾಡಿದ ಮಾತ್ರಕ್ಕೆ ಉಳಿಯುತ್ತದೆ ಅಂತಲೂ ಇಲ್ಲ. ಬ್ರೆಜಿಲ್‌ನಲ್ಲಿ ಹುಟ್ಟಿದ ಬಾರ್ತೊಲೊಮೆವ್ ದ ಗುಸ್ಮಾವ್ ಅನ್ನುವ ಪಾದ್ರಿ 1709ರ ಆಗಸ್ಟಿನಲ್ಲೇ, ಅನೊನೆಗಿಂತ 74 ವರ್ಷ ಮುಂಚೆ, ಲಿಸ್ಬನ್ನಿನಲ್ಲಿ ಪೋರ್ಚುಗಲ್ ರಾಜನ ಎದುರಿಗೆ ಸಣ್ಣ ಕಾಗದದ ಬಲೂನು ಏರಿಸಿದ್ದ. ಪರದೆಗೆ ಬೆಂಕಿ ಹತ್ತೀತು ಅಂತ ಸೇವಕರು ಅದನ್ನು ಹೊಡೆದು ಕೆಳಗಿಳಿಸಿದರು. ಮುಂದೆ ದೊಡ್ಡ ಬಲೂನು ಆಗಲೇ ಇಲ್ಲ. ಚೀನಾದವರ ಕಾಗದದ ಆಕಾಶದೀಪ ಅದಕ್ಕೂ ಶತಮಾನಗಳಷ್ಟು ಹಳೆಯದು. ದೀಪಾವಳಿಗೆ ನಾವು ಬಾಗಿಲ ಮುಂದೆ ಕಟ್ಟುವ ಆಕಾಶಬುಟ್ಟಿಯಲ್ಲೂ ಕಾಗದ ಇದೆ, ದೀಪ ಇದೆ. ಹೆಸರಿನಲ್ಲಿ ಆಕಾಶವೇ ಇದೆ. ಅದನ್ನು ದೊಡ್ಡದು ಮಾಡಿ ನೋಡುವ ಹುಚ್ಚು, ಆ ಹುಚ್ಚಿಗೆ ಬೇಕಾದ ಕಾಗದ ಮತ್ತು ಒಂದಿಷ್ಟು ರೊಕ್ಕ, ಇವು ಒಂದೇ ಮನೆಯಲ್ಲಿ ಕೂಡಿದ್ದು ಅನೊನೆಯಲ್ಲಿ.

ಆ ಸೇವಕರ ಭಯ ಸುಳ್ಳಲ್ಲ. 1784ರ ಏಪ್ರಿಲಿನಲ್ಲೇ ಪ್ಯಾರಿಸ್ ಪೊಲೀಸರು ಬೆಂಕಿ ಹೊತ್ತು ಹಾರುವ ಬಲೂನುಗಳನ್ನು ನಿಷೇಧಿಸಿದರು. ಹುಲ್ಲಿನ ಛಾವಣಿ, ಒಣ ಪೈರು ಇರುವ ದೇಶದಲ್ಲಿ ಮೇಲಿಂದ ಬೆಂಕಿ ಬಿದ್ದರೆ ಏನು ಗತಿ? ಮೊದಲು ಹಾರಿದ ಪಿಲಾತ್ರ್ ದ ರೋಜಿಯೆಯೇ 1785ರ ಜೂನ್ 15ರಂದು, ಜಲಜನಕ ಮತ್ತು ಬಿಸಿಗಾಳಿ ಎರಡನ್ನೂ ಕೂಡಿಸಿದ ಬಲೂನಿನಲ್ಲಿ ಇಂಗ್ಲಿಷ್ ಕಾಲುವೆ ದಾಟಲು ಹೋಗಿ, ಬಿದ್ದು ಸತ್ತ. ಜೊತೆಗಿದ್ದವನೂ ಉಳಿಯಲಿಲ್ಲ.

ಕಲಬುರಗಿ ತೊಗರಿಯ ನಾಡು. ನಾವು ಬಲೂನು ಹಾರಿಸಲು ಆರಿಸಿಕೊಂಡ ಚಳಿಗಾಲದಲ್ಲೇ ಊರ ಸುತ್ತ ಹೊಲದಲ್ಲಿ ತೊಗರಿ ಒಣಗಿ ನಿಂತಿರುತ್ತದೆ, ಕಣದಲ್ಲಿ ರಾಶಿ ಬಿದ್ದಿರುತ್ತದೆ. ಒಂದು ಕಿಡಿ ಸಾಕು, ಒಂದು ಮನೆಯ ವರ್ಷದ ದುಡಿಮೆ ಹೋಗಲು. 2019ರ ನವೆಂಬರಿನಿಂದ ಊರಿಗೆ ವಿಮಾನ ನಿಲ್ದಾಣವೂ ಇದೆ. ಹಾಗಾಗಿ ನಾವು ಮೊದಲ ದಿನವೇ ಮೂರು ನಿಯಮ ಬರೆದು ಗೋಡೆಗೆ ಅಂಟಿಸಿದ್ವಿ: ಬೆಂಕಿ ಮೇಲೆ ಹೋಗಬಾರದು, ದಾರ ಬಿಡಬಾರದು, ಗಾಳಿ ಬೀಸುವ ದಿನ ಹಾರಿಸಬಾರದು. ಸೊಸ್ಯೂರನ ಕಬ್ಬಿಣದ ಬದಲು ನಮಗೆ ಪೇಂಟ್ ಕೀಳಲು ಬಳಸುವ ಎರಡು ಹೀಟ್ ಗನ್ ಸಿಕ್ಕವು, ಬಾಡಿಗೆಗೆ.

ಹದಿನಾರು ತೊಳೆ, ಒಂದೊಂದು ಮೂರು ಮೀಟರಿಗಿಂತ ಸ್ವಲ್ಪ ಉದ್ದ, ನಡುವೆ 39 ಸೆಂಟಿಮೀಟರ್ ಅಗಲ. ಸಂಕ್ರಾಂತಿಗೆ ಮುಂಚೆ ಪೇಟೆಯಲ್ಲಿ ಪತಂಗದ ಕಾಗದ ಬೇಕಾದಷ್ಟು ಸಿಗ್ತದೆ. ಶಹಾಬಾದ್ ಫರಸಿಯ ನೆಲದ ಮೇಲೆ ಹಾಸಿ, ಮೈದಾ ಹಿಟ್ಟು ಕುದಿಸಿ ಅಂಟು ಮಾಡಿ, ನಾಲ್ಕು ಭಾನುವಾರ ಅಂಟಿಸಿದ್ವಿ. ತಿಂಗಳೆಲ್ಲಾ ಪರದೆ ನೋಡಿ ದುಡಿಯುವವರಿಗೆ ಬೆರಳಿಗೆ ಅಂಟು ಹತ್ತೋದು ಎಂಥಾ ಸುಖ ಅಂತೀರಿ! ಕಾಗದದ ಮೇಲೆ ಸುಳ್ಳು ನಡೆಯಲ್ಲ. ಅಂಟು ದಪ್ಪ ಆದರೆ ತೂಕ ಬರ್ತದೆ, ತೆಳುವಾದರೆ ಬಿಚ್ಚಿಕೊಳ್ತದೆ. ಎಷ್ಟು ಬೇಕು ಅನ್ನೋದನ್ನ ಮೂರನೇ ಭಾನುವಾರದ ಹೊತ್ತಿಗೆ ಬೆರಳೇ ಹೇಳ್ತಿತ್ತು. ಅದನ್ನ ನಾನು ಇಲ್ಲಿ ಬರೆದು ನಿಮಗೆ ಕಲಿಸಲಾರೆ. ಅನೊನೆಯ ಗಿರಣಿಯ ಜ್ಞಾನ ಇಂಥದ್ದೇ ಇದ್ದಿರಬೇಕು.

ಒಂದು ನಸುಕಿನಲ್ಲಿ ಹಾರಿಸಿದ್ವಿ. ಮೊದಲು ಸುಕ್ಕು ಹೋಯಿತು, ಆಮೇಲೆ ಹೆಗಲು ಬಂತು, ಆಮೇಲೆ ನಿಂತಿತು. ಕೈಯಲ್ಲಿ ಹಿಡಿದಿದ್ದ ಕಾಗದ ಕೈಯಿಂದ ಮೇಲಕ್ಕೆ ಎಳೀತಿದೆ ಅಂತ ತಿಳಿಯುವ ಆ ಒಂದು ಗಳಿಗೆಗೆ ಎಲ್ಲರೂ ಸುಮ್ಮನಾದರು. ದಾರದ ಉದ್ದ ಎಂಟು ಮೀಟರ್, ಅಷ್ಟೂ ಹೋಯಿತು. ಎರಡು ನಿಮಿಷಕ್ಕೆ ತಣ್ಣಗಾಗಿ ಇಳಿಯಿತು. ಚಹಾ ತಂದ ಅವ್ವ ನೋಡಿ 'ಇಷ್ಟೇನಾ?' ಅಂದಳು. ಇಷ್ಟೇ. ಆದರೆ ಅದು ಯಾಕೆ ಎದ್ದಿತು ಅಂತ ನಮ್ಮ ಐವರಲ್ಲಿ ಯಾರನ್ನು ಬೇಕಾದರೂ ಈಗ ಕೇಳಿ, ಸೂತ್ರ ಹೇಳದೇ ಉತ್ತರ ಹೇಳ್ತೀವಿ.

ಬಲೂನಿನ ಇತಿಹಾಸದಲ್ಲಿ ಇನ್ನೊಂದು ಕಥೆ ಬಾಕಿ ಇದೆ. ಅದು ಮಾಡಿದವರದ್ದಲ್ಲ, ಯಾರ ಮೇಲೆ ಬಿತ್ತೋ ಅವರದ್ದು. 1783ರ ಆಗಸ್ಟ್ 27ರಂದು ಜಾಕ್ ಚಾರ್ಲ್ಸ್ ತನ್ನ ಮೊದಲ ಜಲಜನಕದ ಬಲೂನನ್ನು, ಒಳಗೆ ಯಾರೂ ಇಲ್ಲದೇ, ಪ್ಯಾರಿಸ್ಸಿನಿಂದ ಬಿಟ್ಟ. ನಾಲ್ಕು ಮೀಟರಿನ ರೇಷ್ಮೆ ಚೆಂಡು. ಮುಕ್ಕಾಲು ಗಂಟೆಯ ಮೇಲೆ ಅದು ಗೊನೆಸ್ ಅನ್ನುವ ಹಳ್ಳಿಯಲ್ಲಿ ಬಿತ್ತು. ಮೋಡದಿಂದ ಇಳಿದು, ನೆಲದ ಮೇಲೆ ಕುಪ್ಪಳಿಸುತ್ತ, ಬುಸುಗುಡುತ್ತ, ಕೆಟ್ಟ ವಾಸನೆ ಬಿಡುವ ಆ ಪ್ರಾಣಿಯನ್ನು ಕಂಡು ಹಳ್ಳಿಯವರು ಕವೆಗೋಲು, ಚಾಕು ಹಿಡಿದು ಚುಚ್ಚಿ ಚಿಂದಿ ಮಾಡಿ, ಕುದುರೆ ಬಾಲಕ್ಕೆ ಕಟ್ಟಿ ಎಳೆದರು. ಪ್ಯಾರಿಸ್ಸಿನ ಜಾಣರು ಇಂದಿಗೂ ಈ ಕಥೆ ಹೇಳಿ ನಗುತ್ತಾರೆ. ನನಗೆ ನಗು ಬರಲಿಲ್ಲ. ಅವರಿಗೆ ಯಾರಾದರೂ ಮೊದಲೇ ಹೇಳಿದ್ದರಾ? ಆಮೇಲೆ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು: ಆಕಾಶದಲ್ಲಿ ಕಪ್ಪು ಚಂದ್ರನಂಥದ್ದು ಕಂಡರೆ ಹೆದರಬೇಡಿ, ಅದು ಯಂತ್ರ, ಕೆಡುಕು ಮಾಡದು ಅನ್ನುವ ಅರ್ಥದ್ದು. ಮೊದಲು ಬಲೂನು, ಆಮೇಲೆ ಮಾತು. ಇಲ್ಲಿಯೂ ಉಲ್ಟಾ, ಆದರೆ ಈ ಉಲ್ಟಾ ನನಗೆ ಸೇರಲ್ಲ.

ನಮ್ಮ ದೇಶದಲ್ಲೂ ಬಲೂನು ಮೊದಲು ತಮಾಷೆಯಾಗಿ, ಆಮೇಲೆ ವಿಜ್ಞಾನವಾಗಿ ಬಂತು. 1889ರಲ್ಲಿ ಕಲ್ಕತ್ತದ ರಾಮಚಂದ್ರ ಚಟರ್ಜಿ ಬಲೂನಿನಲ್ಲಿ ಏರಿದಾಗ ಜನ ಟಿಕೆಟ್ ತೆಗೆದು ನೋಡಿದರು. ಆತ ಸರ್ಕಸ್ಸಿನ ಕಸರತ್ತುಗಾರ. 1939–40ರ ಚಳಿಗಾಲದಲ್ಲಿ ಅಮೆರಿಕದ ರಾಬರ್ಟ್ ಮಿಲಿಕನ್ ತನ್ನ ಸಂಗಡಿಗರ ಜೊತೆ ವಿಶ್ವಕಿರಣ ಅಳೆಯಲು ಬಲೂನು ಹಾರಿಸಿದ ಊರುಗಳಲ್ಲಿ ಬೆಂಗಳೂರೂ ಒಂದು. ಅದೇ ಬೆಂಗಳೂರಿನಲ್ಲಿ ವಿಶ್ವಕಿರಣದ ಸಂಶೋಧನೆ ಕಟ್ಟಿದ ಹೋಮಿ ಭಾಭಾ ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸ್ಥಾಪಿಸಿದರು. ಆ ಸಂಸ್ಥೆಯ ಹೈದರಾಬಾದಿನ ಕೇಂದ್ರದಿಂದ ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬಲೂನುಗಳು ಏರುತ್ತಿವೆ. 50ರಿಂದ 85 ಮೀಟರ್ ಅಡ್ಡಗಲ, 30ರಿಂದ 42 ಕಿಲೋಮೀಟರ್ ಎತ್ತರ. ತೆಳು ಪಾಲಿಥೀನ್ ಹಾಳೆ, ಒಳಗೆ ಜಲಜನಕ. ಅವೂ ಕೂಡ ತೊಳೆ ತೊಳೆಯಾಗಿ ಕತ್ತರಿಸಿ ಜೋಡಿಸಿದವೇ. ನಮ್ಮ ಕಾಕಾ ನೋಡಿದರೆ ಗುರುತು ಹಿಡಿಯುತ್ತಾರೆ.

ಇವು ಇಳಿಯುವುದು ಎಲ್ಲಿ? ಗಾಳಿ ಒಯ್ದಲ್ಲಿ. ಹೈದರಾಬಾದ್‌ನಿಂದ ಸೊಲ್ಲಾಪುರದ ದಿಕ್ಕು ಹಿಡಿದರೆ ನಡುವೆ ಸಿಗುವುದು ಬೀದರ್, ಕಲಬುರಗಿ. 2025ರ ಜನವರಿಯಲ್ಲಿ ಒಂದು ಬೆಳಗಿನ ಜಾವ ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ, ನಮ್ಮೂರಿಂದ ಕಮಲಾಪುರ ದಾಟಿ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಊರಿನಲ್ಲಿ, ಇಂಥದ್ದೊಂದು ಬಲೂನು ತನ್ನ ಉಪಕರಣದ ಸಮೇತ ಒಂದು ಮನೆಯ ಮೇಲೆ ಬಿತ್ತು. ಊರಿಗೆ ಊರೇ ಹೆದರಿತು. ಆದರೆ ಯಾರೂ ಕವೆಗೋಲು ಹಿಡಿಯಲಿಲ್ಲ. ಪೊಲೀಸರಿಗೆ ಸುದ್ದಿ ಹೋಯಿತು. ಉಪಕರಣದ ಜೊತೆ ಕನ್ನಡದಲ್ಲಿ ಬರೆದ ಪತ್ರವೊಂದಿತ್ತು ಅಂತ ಪತ್ರಿಕೆಗಳು ಬರೆದವು.

ಜಲಸಂಗಿ ಸಣ್ಣ ಊರಲ್ಲ, ಹೆಸರು ದೊಡ್ಡದು. ಅಲ್ಲಿನ ಚಾಲುಕ್ಯರ ಕಾಲದ ಗುಡಿಯ ಗೋಡೆಯಲ್ಲಿ ಒಬ್ಬಳು ಶಿಲಾಬಾಲಿಕೆ ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ತಾನೇ ಬರೆಯುತ್ತ ನಿಂತಿದ್ದಾಳೆ. ಸುಮಾರು ಒಂಬತ್ತು ನೂರು ವರ್ಷದಿಂದ ಬರಹವನ್ನು ಗೋಡೆಯ ಮೇಲೆ ಇಟ್ಟುಕೊಂಡ ಊರು ಅದು. ಅಂಥ ಊರಿಗೆ ಆಕಾಶದಿಂದ ಏನಾದರೂ ಬೀಳುವುದಾದರೆ ಜೊತೆಗೆ ಓದಲು ಒಂದು ಚೀಟಿಯಾದರೂ ಬೀಳಬೇಕು, ಅದೂ ಅವರ ಭಾಷೆಯಲ್ಲಿ. ಬಿದ್ದಿತು. ಗೊನೆಸ್‌ನಿಂದ ಜಲಸಂಗಿಗೆ ಬರುವ ಹೊತ್ತಿಗೆ ಬಲೂನು ಕಲಿತ ಅತಿ ದೊಡ್ಡ ಪಾಠ ನನ್ನ ಲೆಕ್ಕದಲ್ಲಿ ಇದೇ. ಎತ್ತರ ಎರಡು ಕಿಲೋಮೀಟರಿನಿಂದ ನಲವತ್ತಕ್ಕೆ ಹೋದದ್ದು ದೊಡ್ಡದಲ್ಲ ಅಂತಲ್ಲ. ಆದರೆ ಕೆಳಗಿನವರಿಗೆ ಹೇಳದೇ ಮೇಲೆ ಹೋದವರು ಬಹಳ ಜನ.

ಚಳಿಗಾಲದಲ್ಲಿ ಬೀದರ್, ಕಲಬುರಗಿ ಕಡೆ ನಿಮ್ಮ ಊರಿದ್ದರೆ ಮನೆಯವರಿಗೆ ಒಂದು ಮಾತು ಹೇಳಿಡಿ. ಹೊಲದಲ್ಲಿ ದೊಡ್ಡ ಪ್ಲಾಸ್ಟಿಕ್ ಹಾಳೆ, ಹಗ್ಗ, ಪೆಟ್ಟಿಗೆ ಬಿದ್ದಿದ್ದರೆ ಹೆದರೋದು ಬೇಡ, ಬಿಚ್ಚೋದೂ ಬೇಡ. ಒಳಗೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ ಇರಬಹುದು. ಅದರ ಮೇಲಿನ ಚೀಟಿ ಓದಿ, ಹತ್ತಿರದ ಠಾಣೆಗೆ ಫೋನ್ ಮಾಡಿದರೆ ಸಾಕು, ಅವರು ಬಂದು ಒಯ್ತಾರೆ. ಇಲ್ಲಿಯವರೆಗೆ ಓದಿದ ನಿಮಗೆ ಅದರ ಒಳಗೇನಿದೆ ಅಂತಲೂ ಗೊತ್ತಾಗಿರ್ತದೆ. ಅದನ್ನೂ ಅವರಿಗೆ ಕೂಡಿಸಿ ಹೇಳಿ.